ಒರಿಜಿನಲ್ ಫಿಲ್ಟರ್ ಅಂದರೆ ಯಾವುದು?

ರೀಲು ಕ್ಯಾಮೆರಾದ ಹುಚ್ಚು ಈಗ ನಮ್ಮ ಹುಡುಗರಿಗೂ ಹತ್ತಿದೆ. ಹತ್ತಲಿ, ಒಳ್ಳೆಯದೇ. ಆದರೆ ಹಳೆಯದೊಂದು ಯಾಶಿಕಾ ಕೈಗೆ ಬಂದ ಮರುದಿನವೇ ಮೊಬೈಲ್ ಹಿಡಿದು ಅದರ ಒರಿಜಿನಲ್ ಫಿಲ್ಟರ್, ಒರಿಜಿನಲ್ ಹುಡ್, ಒರಿಜಿನಲ್ ಕ್ಯಾಪ್ ಎಂದು ಹುಡುಕುತ್ತ ಕೂರುತ್ತಾರೆ. ಜಪಾನಿನಿಂದ ತರಿಸಿದರೆ ಸಾಮಾನಿನ ಬೆಲೆ ಬೇರೆ, ಕೊರಿಯರ್ ಬೇರೆ, ಕಸ್ಟಮ್ಸ್ ಬೇರೆ. ಖರ್ಚು ಅವರವರ ಇಷ್ಟ. ನನ್ನ ತಕರಾರು ಇರುವುದು ‘ಒರಿಜಿನಲ್’ ಅನ್ನುವ ಮಾತಿನ ಮೇಲೆ.

ಕಲಬುರಗಿಯ ಅಥವಾ ಕಮಲಾಪುರದ ಒಂದು ಸ್ಟುಡಿಯೊದಲ್ಲಿ ಇಪ್ಪತ್ತು ವರ್ಷ ಮದುವೆ, ಜಾತ್ರೆ, ಶಾಲೆಯ ಗ್ರೂಪ್ ಫೋಟೋ ತೆಗೆದ ಕ್ಯಾಮೆರಾ ಇದೆ ಅಂದುಕೊಳ್ಳಿ. ಅದರ ಚೀಲದಲ್ಲಿ ಬೇರೆ ಕಂಪನಿಯ ಹಳದಿ ಫಿಲ್ಟರ್ ಇದೆ. ಆ ಕ್ಯಾಮೆರಾಕ್ಕೆ ಅದೇ ಒರಿಜಿನಲ್. ಈ ಊರಿನ ಮುಖಗಳನ್ನೂ ಆಕಾಶವನ್ನೂ ಕಂಡದ್ದು ಆ ಗಾಜು. ಪೆಟ್ಟಿಗೆಯ ಮೇಲೆ ಯಾಶಿಕಾ ಎಂದು ಅಚ್ಚಾಗಿದೆ ಎಂಬ ಕಾರಣಕ್ಕೆ ಹೊರಗಿನಿಂದ ಬಂದದ್ದು ಹೆಚ್ಚು ಒರಿಜಿನಲ್ ಆಗುವುದಿಲ್ಲ.

ಇನ್ನು ಅಳತೆಯ ಮಾತು. ಮೇಲೊಂದು ಕೆಳಗೊಂದು ಎರಡು ಲೆನ್ಸ್ ಇರುವ ಯಾಶಿಕಾ ಮ್ಯಾಟ್ 124ಜಿಗೆ ತಿರುಪಿನ ಫಿಲ್ಟರ್ ಹಿಡಿಯುವುದಿಲ್ಲ. ಅದಕ್ಕೆ ‘ಬೇ 1’ ಎಂಬ, ಸ್ವಲ್ಪ ತಿರುಗಿಸಿದರೆ ಕಚ್ಚಿಕೊಳ್ಳುವ ಫಿಲ್ಟರ್ ಬೇಕು. ಮಿನೋಲ್ಟಾ ಆಟೊಕಾರ್ಡ್‌ನದೂ ಇದೇ ಅಳತೆ, ಹಲವು ರೋಲಿಕಾರ್ಡ್‌ಗಳದೂ ಇದೇ. ಆದ್ದರಿಂದ ಹೆಸರು ಬೇರೆ ಎಂದು ಎಸೆಯಬೇಡಿ, ಹಾಕಿ ನೋಡಿ. ಪೆಂಟ್ಯಾಕ್ಸ್ ಕೆ1000ರ ಮಾಮೂಲಿ 50 ಎಂಎಂ ಲೆನ್ಸಿಗೆ 49 ಎಂಎಂ, ನಿಕಾನ್‌ನ ಬಹುತೇಕ ಹಳೆ ಸಣ್ಣ ಲೆನ್ಸುಗಳಿಗೆ 52 ಎಂಎಂ ತಿರುಪು. ಅಲ್ಲಿ ಅಳತೆ ಸರಿಯಿದ್ದು ಗಾಜು ಚೊಕ್ಕಟವಿದ್ದರೆ ಸಾಕು. ಇವತ್ತು ಮಾರುವ ಹೊಸ ಫಿಲ್ಟರೂ ಕೂರುತ್ತದೆ.

ಫಿಲ್ಟರ್ ಯಾಕೆ ಬೇಕು ಅನ್ನುವವರಿಗೆ ನಮ್ಮ ಕಮಲಾಪುರದ ಕೆಂಪು ಬಾಳೆಗಿಂತ ಒಳ್ಳೆಯ ಪಾಠವಿಲ್ಲ. ಕಪ್ಪು-ಬಿಳುಪು ರೀಲು ಹಾಕಿ, ಕೆಂಪು ಫಿಲ್ಟರ್ ಹಿಡಿದು ಆ ಗೊನೆಯ ಫೋಟೋ ತೆಗೆದರೆ ಹಣ್ಣು ಬೆಳ್ಳಗೆ ಬರುತ್ತದೆ. ಹಸಿರು ಫಿಲ್ಟರ್ ಹಿಡಿದರೆ ಅದೇ ಹಣ್ಣು ಕಪ್ಪಗೆ, ಎಲೆ ತಿಳಿಯಾಗಿ. ಫಿಲ್ಟರ್ ತನ್ನ ಬಣ್ಣದ ಬೆಳಕನ್ನು ಬಿಡುತ್ತದೆ, ಉಳಿದದ್ದನ್ನು ತಡೆಯುತ್ತದೆ, ಅಷ್ಟೇ. ಹಳದಿ ಫಿಲ್ಟರ್ ನೀಲಿ ಬೆಳಕನ್ನು ತಡೆದು ಆಕಾಶವನ್ನು ಗಾಢ ಮಾಡುತ್ತದೆ. ಹಾಗಾಗಿ ಕೋಟೆಯ ಹಿಂದಿನ ಮೋಡ ಎದ್ದು ಕಾಣುತ್ತದೆ. ಅದು ಸುಮಾರು ಅರ್ಧ ಬೆಳಕನ್ನು ನುಂಗುವುದರಿಂದ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. 124ಜಿಯ ಮೀಟರು ಲೆನ್ಸಿನ ಮೂಲಕ ನೋಡುವುದಿಲ್ಲ. ಆ ಲೆಕ್ಕ ನೀವೇ ಹಾಕಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಸೆಟ್ ಒಡೆಯುವವರನ್ನು ಕಂಡಾಗ. ಕ್ಯಾಮೆರಾ ಒಬ್ಬರಿಗೆ, ಹುಡ್ ಇನ್ನೊಬ್ಬರಿಗೆ, ಎರಡೂ ಲೆನ್ಸ್ ಮುಚ್ಚುವ ಜೋಡಿ ಕ್ಯಾಪ್ ಮತ್ತೊಬ್ಬರಿಗೆ ಎಂದು ಆನ್‌ಲೈನಿನಲ್ಲಿ ಬಿಡಿಬಿಡಿಯಾಗಿ ಮಾರುತ್ತಾರೆ. ಬಿಡಿಸಿ ಮಾರಿದರೆ ದುಡ್ಡು ಹೆಚ್ಚು. ಯಾಶಿಕಾ 635ರ ಗತಿ ನೋಡಿ. ಅಗಲದ 120 ರೀಲೂ ಹಿಡಿಯುತ್ತದೆ, ಬಿಡಿ ಭಾಗಗಳ ಒಂದು ಕಿಟ್ ಹಾಕಿದರೆ 35 ಎಂಎಂ ರೀಲೂ ಹಿಡಿಯುತ್ತದೆ. ಕಿಟ್ ಕಳೆದರೆ ಅರ್ಧ ಕ್ಯಾಮೆರಾ ಹೋದಂತೆ. ಆ ಸಣ್ಣ ತುಂಡುಗಳನ್ನು ಕಂಡ ಮನೆಯವರು “ಇವೇನ್ರಿ, ಯಾವುದಕ್ಕೂ ಬರಂಗಿಲ್ಲ” ಎಂದು ಗುಜರಿ ಚೀಲಕ್ಕೆ ಹಾಕಿಬಿಡುತ್ತಾರೆ. ಅವರ ತಪ್ಪಲ್ಲ, ಏನೆಂದು ಯಾರೂ ಹೇಳಿರುವುದಿಲ್ಲ.

ಹಾಗೆಂದು ಎಲ್ಲವೂ ಹಳೆಯದೇ ಬೇಕು ಅನ್ನುವ ಹಟವೂ ಬೇಡ. 124ಜಿಯ ಮೀಟರಿಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ಲನ್ನು ಈಗ ತಯಾರಿಸುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಮೀಟರು ಸುಳ್ಳು ಹೇಳುವ ಸಂಭವ ಹೆಚ್ಚು. ಕಿವಿಯ ಮಷೀನಿಗೆ ಹಾಕುವ 675 ನಂಬರಿನ ಸೆಲ್, ಸುಮಾರು 1.4 ವೋಲ್ಟ್, ಸುತ್ತ ಒಂದು ಉಂಗುರ ಕೊಟ್ಟರೆ ಕೂರುತ್ತದೆ. ಇಂಥಲ್ಲಿ ಒರಿಜಿನಲ್ ಹುಡುಕುವುದು ದಡ್ಡತನ.

ಊರಿನಲ್ಲಿ ಸ್ಟುಡಿಯೊ ನಡೆಸಿ ಬಿಟ್ಟ ಕಾಕಾ ಯಾರಾದರೂ ಇದ್ದರೆ ಈ ವಾರವೇ ಹೋಗಿ ಕೇಳಿ. ಬೆಲೆ ಕೇಳುವ ಮುಂಚೆ ಯಾವ ಫಿಲ್ಟರ್ ಯಾವಾಗ ಹಾಕುತ್ತಿದ್ದಿರಿ ಎಂದು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ತನ್ನಿ. ಯಾವ ಊರಿನದು, ಯಾವ ವರ್ಷಗಳಲ್ಲಿ ಬಳಸಿದ್ದು ಎಂದು ಚೀಟಿ ಬರೆದು ಜೊತೆಗಿಡಿ. ಮನೆಯಲ್ಲಿ ಲೆದರ್ ಕೇಸಿನೊಳಗೆ ಮಾತ್ರ ಇಡಬೇಡಿ. ಅದು ಮಳೆಗಾಲದ ತೇವ ಹಿಡಿದುಕೊಂಡು ಗಾಜಿಗೆ ಬೂಸ್ಟು ಹಿಡಿಸುತ್ತದೆ. ಕೇಸು ಬೇರೆ, ಕ್ಯಾಮೆರಾ ಮತ್ತು ಫಿಲ್ಟರ್ ಗಾಳಿಯಾಡದ ಡಬ್ಬಿಯಲ್ಲಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು.