ಹಳೆಯ ಖಟ್ಲೆಯೂ ಹೊರನಾಡಿನ ಬಾಗಿಲೂ

ಹೊರನಾಡಿಗೆ ಹೊರಟವನನ್ನು ಹಳೆಯ ಖಟ್ಲೆಯೊಂದು ಬಾಗಿಲಲ್ಲಿಯೇ ತಡೆದು ನಿಲ್ಲಿಸುವುದು ನಮ್ಮ ನಾಡಿನಲ್ಲಿ ಅಪೂರ್ವವಾದ ಸಂಗತಿಯಲ್ಲ. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಸಂಸಾರಗಳು ಕೊಲ್ಲಿ ದೇಶಗಳ ದುಡಿಮೆಯನ್ನೇ ನೆಚ್ಚಿರುವುವು. ಅಂಥ ಮನೆಯ ತರುಣನ ಹೆಸರು ಯಾವುದೋ ಜಗಳದಲ್ಲಿಯೋ ಮೆರವಣಿಗೆಯಲ್ಲಿಯೋ ಪೋಲೀಸರ ದಫ್ತರಕ್ಕೆ ಸೇರಿತೆಂದರೆ, ಕೈಗೆ ಬಂದ ಉದ್ಯೋಗ ತಪ್ಪಿಹೋಗುವ ಸಂಭವವುಂಟು. ಅಪರಾಧಿಗಳನ್ನು ಸ್ವೇಚ್ಛೆಯಾಗಿ ಸಂಚರಿಸಬಿಡಬೇಕೆಂದು ನಾವು ಹೇಳುವವರಲ್ಲ. ಆದರೆ ಅಪರಾಧಿಗೂ ಆಪಾದಿತನಿಗೂ ಇರುವ ಅಂತರವನ್ನು ಕಾಯಿದೆ ಮರೆಯಬಾರದಷ್ಟೆ.

1967ರ ಪಾಸ್‌ಪೋರ್ಟು ಕಾಯಿದೆಯ 6ನೆಯ ಕಲಮನ್ನು ವಾಚಕರು ಗಮನಿಸಬೇಕು. ನೈತಿಕ ಅಧಃಪತನದ ಅಪರಾಧಕ್ಕಾಗಿ ಎರಡು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸದ ಶಿಕ್ಷೆಯಾದವನಿಗೆ, ಶಿಕ್ಷೆಯಾದಂದಿನಿಂದ ಐದು ವರ್ಷಗಳೊಳಗೆ ಅರ್ಜಿ ಹಾಕಿದರೆ, ರಹದಾರಿ ದೊರೆಯದು. ಇದು ನ್ಯಾಯವೇ. ಆದರೆ ಅದೇ ಕಲಮಿನ ಮುಂದಿನ ಮಾತಿನಂತೆ, ಕ್ರಿಮಿನಲ್ ನ್ಯಾಯಸ್ಥಾನದಲ್ಲಿ ಖಟ್ಲೆ ಇತ್ಯರ್ಥವಾಗದೆ ನಿಂತಿರುವವನಿಗೂ ಅದು ದೊರೆಯದು. ದೋಷಿಗೆ ಐದು ವರ್ಷದ ಗಡುವುಂಟು. ದೋಷ ಸಿದ್ಧವಾಗದವನಿಗೆ ಗಡುವೇ ಇಲ್ಲ! ವಿಚಾರಣೆ ಹತ್ತು ವರ್ಷ ನಡೆದರೆ ಹತ್ತು ವರ್ಷವೂ ಅವನು ಕಾದಿರಬೇಕು. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯುಂಟು; ಇಲ್ಲಿ ಗೆಲುವು ಸೋಲು ತಿಳಿಯುವ ಮೊದಲೇ ಮನುಷ್ಯ ಸೋತಿರುತ್ತಾನೆ.

ಪರಿಹಾರವಿಲ್ಲವೆಂದಲ್ಲ. 1993ರ ಆಗಸ್ಟ್ 25ರ ಸರ್ಕಾರಿ ಪ್ರಕಟಣೆಯಂತೆ, ವಿಚಾರಣೆ ನಡೆಸುವ ನ್ಯಾಯಸ್ಥಾನವು ಅನುಮತಿಯಿತ್ತರೆ ಆಪಾದಿತನೂ ರಹದಾರಿ ಪಡೆಯಬಹುದು. ಅವಧಿಯನ್ನು ನ್ಯಾಯಾಧೀಶರು ನಮೂದಿಸದಿದ್ದರೆ ಅದು ಒಂದು ವರ್ಷಕ್ಕೆ ಮಾತ್ರ. ಪೋಲೀಸರು ಪ್ರಥಮ ವರ್ತಮಾನ ಬರೆದುಕೊಂಡ ಮಾತ್ರಕ್ಕೆ ಅದು ಖಟ್ಲೆಯೆನಿಸದೆಂದು ವಿದೇಶಾಂಗ ಖಾತೆಯವರೇ 2019ರಲ್ಲಿ ಸ್ಪಷ್ಟಪಡಿಸಿರುವರು. ಪರದೇಶ ಪ್ರಯಾಣವು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸುಪ್ರೀಂ ಕೋರ್ಟು 1967ರಲ್ಲಿಯೂ, ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ 1978ರಲ್ಲಿಯೂ ಸಾರಿತು. ಆದರೆ ಈ ವಿಷಯಗಳು ಬಡ ಅರ್ಜಿದಾರನಿಗೆ ತಿಳಿಯುವುದೆಂತು? ತಿಳಿಸಬೇಕಾದವರು ಅಧಿಕಾರಿಗಳಲ್ಲವೆ?

ರಹದಾರಿ ದೊರೆತ ಮೇಲೂ ವೀಸಾ ಕೊಡುವ ದೇಶದ ಪರೀಕ್ಷೆ ಬೇರೆಯಾಗಿಯೇ ಇರುವುದು. ಅಮೆರಿಕೆಯ ಅರ್ಜಿಯು ಶಿಕ್ಷೆಯನ್ನು ಮಾತ್ರವಲ್ಲ, ದಸ್ತಗಿರಿಯನ್ನೂ ಕೇಳುತ್ತದೆ, ಕ್ಷಮಾದಾನವಾಗಿದ್ದರೂ ಹೇಳಬೇಕು. ಹನ್ನೆರಡು ತಿಂಗಳು ಅಥವಾ ಹೆಚ್ಚಿನ ಸೆರೆವಾಸದ ಶಿಕ್ಷೆಯಾದವನಿಗೆ ಬ್ರಿಟನ್ನು ಪ್ರವೇಶವನ್ನು ನಿರಾಕರಿಸುತ್ತದೆ. ಕೆನಡಾದವರು ಕೆಲವು ಬಗೆಯ ಅಪರಾಧಗಳಲ್ಲಿ, ಶಿಕ್ಷೆ ಮುಗಿದು ಹತ್ತು ವರ್ಷ ಕಳೆದರೆ, ಮನುಷ್ಯನು ಸುಧಾರಿಸಿದನೆಂದು ಭಾವಿಸುತ್ತಾರೆ. ಇದು ವಿವೇಕದ ಮಾರ್ಗ.

ಇಲ್ಲಿ ನಮ್ಮ ತರುಣರಿಗೊಂದು ಎಚ್ಚರಿಕೆ. ದಲ್ಲಾಳಿಯ ಮಾತು ಕೇಳಿ ಹಳೆಯ ಸಂಗತಿಯನ್ನು ಮುಚ್ಚಿಡಬೇಡಿರಿ. ಸತ್ಯ ಹೇಳಿದವನಿಗೆ ಅಮೆರಿಕೆಯಲ್ಲಿ ವಿನಾಯಿತಿ ಕೇಳಲು ಅವಕಾಶವುಂಟು. ಬೇಕೆಂದೇ ಸುಳ್ಳು ಹೇಳಿದವನು ಆ ಸುಳ್ಳಿನಿಂದಲೇ ಕಾಯಂ ಅನರ್ಹನಾಗಬಹುದು. ಬ್ರಿಟನ್ನಿನಲ್ಲಿ ಮೋಸಕ್ಕೆ ಹತ್ತು ವರ್ಷದ ನಿಷೇಧವಾಗಬಹುದು. ನಮ್ಮ ಕಾಯಿದೆಯೇ ರಹದಾರಿಗಾಗಿ ಸತ್ಯ ಮರೆಮಾಚಿದವನಿಗೆ ಎರಡು ವರ್ಷದವರೆಗೆ ಸೆರೆ ವಿಧಿಸುತ್ತದೆ. ತೀರ್ಪಿನ ದೃಢೀಕೃತ ನಕಲನ್ನು ಕೈಯಲ್ಲಿಟ್ಟುಕೊಂಡು ನಿಜವನ್ನೇ ಬರೆಯುವುದು ಲೇಸು.

ಕಳಂಕವೆಂಬುದು ಸದಾ ಕಳಂಕವೇ ಆಗಿರಬೇಕಾಗಿಲ್ಲ. 1908ರಲ್ಲಿ ರಾಜದ್ರೋಹಕ್ಕಾಗಿ ಶಿಕ್ಷೆಗೊಳಗಾಗಿ ಮಂಡಾಲೆಯ ಸೆರೆಯನ್ನು ಕಂಡ ಲೋಕಮಾನ್ಯ ತಿಲಕರು 1918ರಲ್ಲಿ ಇಂಗ್ಲೆಂಡಿಗೆ ಹೊರಟಾಗ, ಸರ್ಕಾರವು ರಹದಾರಿಯನ್ನು ರದ್ದುಮಾಡಿ ಕೊಲಂಬೋದಿಂದ ಹಿಂದಿರುಗಿಸಿತು. ಜನರ ಕಣ್ಣಿನಲ್ಲಿ ಅಪರಾಧಿಯಾದವರು ಯಾರು? ನೆಲ್ಸನ್ ಮಂಡೇಲರು ರಾಷ್ಟ್ರಾಧ್ಯಕ್ಷರಾಗಿ ಇಳಿದು ಎಷ್ಟೋ ವರ್ಷಗಳಾದ ಮೇಲೆ, ಅಮೆರಿಕೆಯ ಭಯೋತ್ಪಾದಕರ ಪಟ್ಟಿಯಿಂದ ಅವರ ಹೆಸರನ್ನು ತೆಗೆಯಲು 2008ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಹುಣಸೆ ಮುಪ್ಪಾದರೂ ಹುಳಿ ಮುಪ್ಪಾಗದಂತೆ, ದಫ್ತರದ ಒಂದು ಸಾಲಿಗೆ ಮುಪ್ಪಿಲ್ಲ.

ಆದಕಾರಣ ನಮ್ಮ ಸೂಚನೆ ಇಷ್ಟೆ. ಪ್ರಯಾಣದ ಅನುಮತಿ ಕೋರುವ ಅರ್ಜಿಗಳನ್ನು ಕೆಳಗಿನ ನ್ಯಾಯಸ್ಥಾನಗಳು ವಾರಗಳಲ್ಲಿ ತೀರಿಸಲಿ, ತಿಂಗಳುಗಳಲ್ಲಲ್ಲ. ಅಲ್ಪ ಅಪರಾಧದ ಆಪಾದಿತನನ್ನು ತಡೆಯಲು ಪಾರ್ಲಿಮೆಂಟು ಕಾಲದ ಮಿತಿಯೊಂದನ್ನು ಗೊತ್ತುಮಾಡಲಿ. ಜನಚಳವಳಿಯ ಹಳೆಯ ಖಟ್ಲೆಗಳನ್ನು ಸರ್ಕಾರವು ಪುನರ್ವಿಮರ್ಶಿಸಿ, ಹುರುಳಿಲ್ಲದವನ್ನು ಹಿಂತೆಗೆದುಕೊಳ್ಳಲಿ. ತಪ್ಪಿಗೆ ಶಿಕ್ಷೆಯಿರಲಿ, ಶಿಕ್ಷೆಗೆ ಕೊನೆಯೂ ಇರಲಿ. ತೀರ್ಪೇ ಆಗದವನ ಪಾಲಿಗೆ ಕಾಯುವಿಕೆಯೇ ಶಿಕ್ಷೆಯಾಗುವುದು ಸ್ವತಂತ್ರ ದೇಶಕ್ಕೆ ಶೋಭಿಸುವುದಿಲ್ಲ.