ಬೇಹುಗಾರನಿಗೆ ನಮ್ಮ ಸೀಟಿ ಯಾಕೆ?

ಬೇಹುಗಾರರ ಸಿನಿಮಾ ನೋಡಿ ಸೀಟಿ ಹೊಡೆಯುವ ನಮ್ಮ ಕೇರಿಯ ಹುಡುಗ ಯಾರ ಪರವಾಗಿ ಸೀಟಿ ಹೊಡೆಯುತ್ತಿದ್ದಾನೆ? ಇದನ್ನು ಕೇಳಿದರೆ ನಮ್ಮ ಗೆಳೆಯರಿಗೇ ಸಿಟ್ಟು ಬರುತ್ತದೆ. ‘ಎಲ್ಲಾದ್ರಾಗೂ ಜಾತಿ ಹುಡುಕತೀಯಲ್ಲೋ, ಒಂದ್ ಸಿನಿಮಾ ನೋಡಾಕೂ ಬಿಡಂಗಿಲ್ಲೇನು?’ ಅನ್ನುತ್ತಾರೆ. ನೋಡಬ್ಯಾಡ್ರಿ ಅಂದವರು ಯಾರು? ನೋಡಬೇಕು. ಕ್ಯಾಮೆರಾ ಯಾರ ಹೆಗಲ ಮೇಲೆ ಕೂತಿದೆ, ಯಾರ ಎದೆಗೆ ಗುರಿ ಇಟ್ಟಿದೆ ಅನ್ನುವುದನ್ನೂ ನೋಡಬೇಕು.

ನಾನು ಹೇಳಹೊರಟಿರುವುದು 2015ರಲ್ಲಿ ಬಂದ ‘ಸ್ಪೂಕ್ಸ್: ದಿ ಗ್ರೇಟರ್ ಗುಡ್’ ಎಂಬ ಬ್ರಿಟಿಷ್ ಚಿತ್ರದ ಬಗ್ಗೆ. 2002ರಿಂದ 2011ರವರೆಗೆ ಬಿಬಿಸಿ ಟೀವಿಯಲ್ಲಿ ನಡೆದ ‘ಸ್ಪೂಕ್ಸ್’ ಧಾರಾವಾಹಿಯನ್ನು ಹಿಗ್ಗಿಸಿ ಮಾಡಿದ ಸಿನಿಮಾ ಇದು. ಲಂಡನ್ನಿನ ಸಿನಿಮಾಕ್ಕೂ ಹುನಗುಂದಕ್ಕೂ ಏನು ಸಂಬಂಧ ಅಂದೀರಿ. ಇವತ್ತು ಹುನಗುಂದದ ಹುಡುಗನ ಕಿಸೆಯೊಳಗಿನ ಮೊಬೈಲಿನಲ್ಲಿ ಲಂಡನ್ ಕೂತಿದೆ. ಅದಕ್ಕಿಂತ ಹಳೆಯದಾದ ಇನ್ನೊಂದು ಸಂಬಂಧವೂ ಇದೆ. ಅದನ್ನೇ ಹೇಳಬೇಕಾಗಿದೆ.

ಮೊದಲು ಕತೆ. ಎಂಐ-5 ಅಂದರೆ ಬ್ರಿಟನ್ನಿನ ಒಳನಾಡ ಬೇಹುಗಾರಿಕೆ ಇಲಾಖೆ. ಆದಮ್ ಕಾಸಿಮ್ ಎಂಬ ಭಯೋತ್ಪಾದಕನನ್ನು ಈ ಇಲಾಖೆಯವರು ಅಮೆರಿಕದವರ ಕೈಗೆ ಒಪ್ಪಿಸಲು ಒಯ್ಯುತ್ತಿದ್ದಾಗ ಲಂಡನ್ನಿನ ಟ್ರಾಫಿಕ್ಕಿನಲ್ಲಿ ಗಾಡಿಗಳು ಸಿಕ್ಕಿಬೀಳುತ್ತವೆ. ಮೋಟಾರ್ ಸೈಕಲ್ಲುಗಳ ಮೇಲೆ ಬಂದವರು ಬಂದೂಕು ಹಿಡಿಯುತ್ತಾರೆ. ಸುತ್ತಲಿನ ಮಂದಿ ಸಾಯಬಾರದೆಂದು ಹಿರಿಯ ಅಧಿಕಾರಿ ಹ್ಯಾರಿ ಪಿಯರ್ಸ್ ಅವನನ್ನು ಬಿಟ್ಟುಬಿಡಲು ಹೇಳುತ್ತಾನೆ. ತಪ್ಪು ಅವನ ತಲೆಗೆ ಬರುತ್ತದೆ. ಕೆಲಸ ಹೋಗುತ್ತದೆ. ಸತ್ತಂತೆ ನಟಿಸಿ ಮಾಯವಾಗುತ್ತಾನೆ. ಹಿಂದೆ ಅವನೇ ಹೊರಹಾಕಿದ್ದ ಹುಡುಗ ವಿಲ್ ಅವನನ್ನು ಹುಡುಕಿಕೊಂಡು ಹೊರಡುತ್ತಾನೆ. ಕಡೆಗೆ ಇಲಾಖೆಯೊಳಗೇ ದ್ರೋಹಿಗಳಿದ್ದಾರೆ, ಎಂಐ-5ನ್ನು ಅಮೆರಿಕದ ಸಿಐಎ ಪಾದಕ್ಕೆ ಅರ್ಪಿಸುವುದೇ ಅವರ ಹಂಚಿಕೆ ಅಂತ ಗೊತ್ತಾಗುತ್ತದೆ.

ಇದನ್ನು ಮೆಚ್ಚುವವರ ವಾದಗಳಿವೆ. ಜೇಮ್ಸ್ ಬಾಂಡನ ಹಾಗೆ ಹೆಣ್ಣು, ಕಾರು, ಹೆಂಡದ ಜಾತ್ರೆ ಇಲ್ಲಿಲ್ಲ ಅನ್ನುತ್ತಾರೆ. ನಿಜ. ನಾಯಕ ಮುದುಕ, ದಣಿದವ, ಕೈಗೆ ರಕ್ತ ಹತ್ತಿದವ ಅನ್ನುತ್ತಾರೆ. ಅದೂ ನಿಜ. ಟೀವಿಯಲ್ಲಿ ಹತ್ತು ವರ್ಷ ಬೆಳೆದ ಪಾತ್ರವನ್ನು ಎರಡು ತಾಸಿನೊಳಗೆ ತುರುಕಿದ್ದರಿಂದ ಸೊರಗಿತು ಅಂತ ಕೆಲವರ ದೂರು. ಇರಬಹುದು. ನಿರ್ದೇಶಕ ಭರತ್ ನಲ್ಲೂರಿ ಭಾರತದಲ್ಲಿ ಹುಟ್ಟಿದವನು, ಹೆಮ್ಮೆ ಪಡಬೇಕು ಅನ್ನುವವರೂ ಇದ್ದಾರೆ. ಹೆಮ್ಮೆಗೇನು ರೊಕ್ಕ ಕೊಡಬೇಕೇನ್ರಿ, ಪಡ್ರಿ. ಆದರೆ ಇವರ್‍ಯಾರೂ ಕೇಳದ ಪ್ರಶ್ನೆ ಒಂದಿದೆ. ಇಡೀ ಸಿನಿಮಾದಲ್ಲಿ ನಾವು ಕಾಯುವವನ ಕಣ್ಣಿನಿಂದಲೇ ನೋಡುತ್ತೇವೆ. ಆ ಕಣ್ಣಿಗೆ ಬಿದ್ದವನ ಮನೆ ಹೇಗಿದೆ, ಅವನ ಅವ್ವ ಯಾರು, ತಪ್ಪಿಲ್ಲದೆ ಅವನ ಹೆಸರು ಕಡತಕ್ಕೆ ಹತ್ತಿದರೆ ಏನಾಗುತ್ತದೆ? ಒಂದು ಗಳಿಗೆಯೂ ಆ ಕಡೆ ಕ್ಯಾಮೆರಾ ತಿರುಗುವುದಿಲ್ಲ. ಇಲಾಖೆಯಲ್ಲಿ ಕೆಟ್ಟವರಿದ್ದಾರೆ, ಅವರನ್ನು ತೆಗೆದರೆ ಇಲಾಖೆ ಪವಿತ್ರ ಅಂತ ನಂಬಿಸಿ ಮನೆಗೆ ಕಳಿಸುತ್ತಾರೆ. ಬ್ರಾಹ್ಮಣ್ಯದ ಬಗ್ಗೆ ಮಾತಾಡಿದಾಗಲೂ ನಮಗೆ ಇದೇ ಉತ್ತರ ಬರುತ್ತದಲ್ಲವೇ? ‘ಧರ್ಮ ಛಲೋ ಐತ್ರಿ, ನಡಸೋ ಮಂದಿ ಕೆಟ್ಟಾರ.’

ಹೆಸರನ್ನೇ ನೋಡಿ. ಸ್ಪೂಕ್ ಅಂದರೆ ಇಂಗ್ಲಿಷಿನಲ್ಲಿ ದೆವ್ವ. ಬೇಹುಗಾರನಿಗೂ ಅದೇ ಹೆಸರು. ಅಮೆರಿಕದಲ್ಲಿ ಅದೇ ಮಾತು ಕರಿಯರನ್ನು ಹೀಯಾಳಿಸುವ ಬೈಗುಳ. ಧಾರಾವಾಹಿ ಅಮೆರಿಕಕ್ಕೆ ಹೋದಾಗ ‘ಎಂಐ-5’ ಅಂತ ಹೆಸರು ಬದಲಿಸಿಕೊಂಡಿತು. ಕಾಯುವವನೂ ದೆವ್ವ, ಕಾಯಿಸಿಕೊಳ್ಳುವವನೂ ದೆವ್ವ. ಒಬ್ಬನಿಗೆ ಅದು ಬಿರುದು, ಇನ್ನೊಬ್ಬನಿಗೆ ಬೈಗುಳ.

ಸಿನಿಮಾ ಬಂದ ಅದೇ 2015ರಲ್ಲಿ ಬ್ರಿಟಿಷ್ ಸರಕಾರ ತನ್ನ ಗುಪ್ತ ಪೊಲೀಸರ ಮೇಲೆಯೇ ವಿಚಾರಣಾ ಆಯೋಗ ಕೂರಿಸಬೇಕಾಯಿತು. ಯಾಕೆ? 1968ರಲ್ಲಿ ಹುಟ್ಟಿದ ಒಂದು ಗುಪ್ತ ಪೊಲೀಸ್ ಪಡೆ ನಲವತ್ತು ವರ್ಷ ಚಳವಳಿಗಾರರ ನಡುವೆ ವೇಷ ಮರೆಸಿಕೊಂಡು ಬದುಕಿತ್ತು. ಆ ಪೊಲೀಸರು ಸತ್ತುಹೋದ ಕೂಸುಗಳ ಹೆಸರು ಕದ್ದು ತಮ್ಮ ಹೆಸರು ಮಾಡಿಕೊಂಡಿದ್ದರು. ಚಳವಳಿಯ ಹೆಣ್ಣುಮಕ್ಕಳ ಜೊತೆ ಸುಳ್ಳು ಸಂಸಾರ ಹೂಡಿದ್ದರು. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕರಿಯ ಹುಡುಗನನ್ನು ಬಿಳಿಯ ಪುಂಡರು ಬಸ್ ಸ್ಟಾಪಿನಲ್ಲಿ ಇರಿದು ಕೊಂದರು. ಕೊಂದವರನ್ನು ಹಿಡಿಯುವ ಬದಲು ಸತ್ತವನ ಮನೆಯವರ ಹುಳುಕು ಹುಡುಕಲು ತನಗೆ ಹೇಳಿದ್ದರು ಅಂತ ಆ ಪಡೆಯಲ್ಲಿದ್ದ ಪೊಲೀಸನೊಬ್ಬ 2013ರಲ್ಲಿ ಬಾಯಿ ಬಿಟ್ಟ. ಇದು ನಿಜವಾದ ಸ್ಪೂಕ್ಸ್. ಇದರಲ್ಲಿ ಹ್ಯಾರಿ ಪಿಯರ್ಸ್ ಇಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಬಾಗಿಲಲ್ಲಿ ಕಿವಿ ಇಟ್ಟು ನಿಂತ ಸರಕಾರವಿದೆ.

ಈಗ ನಮ್ಮ ಸೀಮೆಗೆ ಬರೋಣ. ಹುನಗುಂದ ಆಗ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಯಲ್ಲಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರಲ್ಲಿ ಅದನ್ನು ಬಿಗಿ ಮಾಡಿ ದೇಶಕ್ಕೆಲ್ಲ ಹಬ್ಬಿಸಿದರು. ಹುಟ್ಟಿದ ಕೂಸೂ ಕಳ್ಳ. ಯಾವ ತಪ್ಪೂ ಬೇಕಿಲ್ಲ, ಜಾತಿಯೇ ಸಾಕ್ಷಿ. ಹರಣಶಿಕಾರಿ, ಗಂಟಿಚೋರ, ಕೊರಚ, ಛಪ್ಪರಬಂದ ಇವರೆಲ್ಲರ ಹೆಸರು ಪಟ್ಟಿಗೆ ಹತ್ತಿತು. ಹೆಬ್ಬೆಟ್ಟಿನ ಗುರುತು ತೆಗೆದುಕೊಂಡರು. ಹೇಳಿದ ಹೊತ್ತಿಗೆ ಹೋಗಿ ಹಾಜರಿ ಕೊಡಬೇಕು. ಊರು ಬಿಡಬೇಕಾದರೆ ಪಾಸು ಬೇಕು. ಬೀಗರ ಮನೆಗೆ ಮದುವೆಗೆ ಹೋಗಲಿಕ್ಕೂ ಪಾಸು! ಬಿಜಾಪುರ, ಗದಗ-ಬೆಟಗೇರಿ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳೆದ್ದವು. ಅಲ್ಲಿದ್ದವರನ್ನು ಗಿರಣಿಗಳಿಗೆ ದುಡಿಯಲು ಅಟ್ಟಿದರು. ತಾಯಿತಂದೆಯಿಂದ ಮಕ್ಕಳನ್ನು ಬೇರೆ ಮಾಡಲೂ ಕಾಯ್ದೆ ಅಧಿಕಾರ ಕೊಟ್ಟಿತ್ತು. ಇವತ್ತಿಗೂ ಹುಬ್ಬಳ್ಳಿಯಲ್ಲಿ ಆ ಓಣಿಯ ಹೆಸರು ಸೆಟ್ಲಮೆಂಟ್.

ಬೇಹುಗಾರರು ಯಾರಾಗಿದ್ದರು? ಲಂಡನ್ನಿನಿಂದ ಕೋಟು ಹಾಕಿಕೊಂಡು ಯಾರೂ ಬರಲಿಲ್ಲ. ಊರ ಮುಖಂಡ, ಊರ ಕಾವಲುಗಾರ, ಹೊಲದ ಒಡೆಯ ಇಂಥವರ ಸುದ್ದಿ ಮುಟ್ಟಿಸಲೇಬೇಕು ಅಂತ ಕಾಯ್ದೆಯೇ ಹೇಳಿತು. ನಮ್ಮ ಭಾಗದ ಅಡ್ಡಹೆಸರುಗಳನ್ನು ನೋಡ್ರಿ: ಪೊಲೀಸಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ. ಗೌಡ ಕಣ್ಣಾದ, ಕುಲಕರ್ಣಿ ದಫ್ತರವಾದ, ತಳವಾರ ವಾಲೀಕಾರರು ರಾತ್ರಿ ಕಂದೀಲು ಹಿಡಿದು ತಿರುಗುವ ಕಾಲಾದರು. ಮೇಲಿನವನು ಹೇಳಿದ, ಕೆಳಗಿನವನು ತನಗಿಂತ ಕೆಳಗಿನವನ ಗುಡಿಸಲಿಗೆ ಇಣುಕಿದ. ಬಡವನನ್ನು ಕಾಯಲು ಬಡವನನ್ನೇ ನಿಲ್ಲಿಸಿ ಬ್ರಿಟಿಷರು ಪುಗಸಟ್ಟೆ ಬೇಹುಗಾರಿಕೆ ನಡೆಸಿದರು. ಜಾತಿವ್ಯವಸ್ಥೆ ಈ ಕೆಲಸವನ್ನು ಸಾವಿರ ವರ್ಷದಿಂದ ಮಾಡುತ್ತಿತ್ತು. ಯಾವ ಬಾವಿಗೆ ಯಾರು ಇಳಿದರು, ಯಾರ ಮನೆಯ ಮದುಮಗ ಕುದುರೆ ಹತ್ತಿದ, ಯಾವ ಹುಡುಗಿ ಯಾವ ಹುಡುಗನ ಜೊತೆ ಮಾತಾಡಿದಳು ಅಂತ ಊರೇ ಕಾಯುತ್ತದೆ. ಬ್ರಿಟಿಷರು ಆ ಹಳೆಯ ಕಣ್ಣಿಗೆ ಒಂದು ರಿಜಿಸ್ಟರ್ ಕೊಟ್ಟರು, ಅಷ್ಟೆ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ವಿಮುಕ್ತರು ಅಂತ ಹೊಸ ಹೆಸರು ಬಂತು. ಅದರ ಹಿಂದೆಯೇ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ನಮ್ಮ ರಾಜ್ಯದ್ದು 1961ರಲ್ಲಿ. ಪರಿಶಿಷ್ಟ ಜಾತಿಗಳ ಪಟ್ಟಿಯೊಳಗೆ ಸ್ವತಂತ್ರ ಭಾರತದ ಸರಕಾರ ‘ಗಂಟಿಚೋರ್’ ಅಂತಲೇ ಬರೆದುಕೊಂಡಿತು. ಮೀಸಲಾತಿ ಬೇಕಾದರೆ ಮಗು ತಾನು ಚೋರ ಅಂತ ಸರ್ಟಿಫಿಕೇಟು ಹಿಡಿದು ಸಾಲಿಗೆ ಹೋಗಬೇಕು! ವಿಮುಕ್ತ ಸಮುದಾಯದವರನ್ನು ರೂಢಿಗತ ಅಪರಾಧಿಗಳೆಂದು ಕಾಣಬಾರದು ಅಂತ ಹೇಳಲು ಸುಪ್ರೀಂ ಕೋರ್ಟಿಗೆ 2024ರ ಅಕ್ಟೋಬರ್ ತಿಂಗಳೇ ಬರಬೇಕಾಯಿತು.

ಬಾಬಾಸಾಹೇಬರನ್ನೂ ಆ ಕಣ್ಣು ಬಿಡಲಿಲ್ಲ. ಮುಂಬಯಿ ಪ್ರಾಂತ್ಯದ ಗುಪ್ತ ಪೊಲೀಸರು ಅವರ ಸಭೆಗಳನ್ನು ಹಿಂಬಾಲಿಸಿ ವರದಿ ಬರೆದರು. 1982ರಲ್ಲಿ ಮಹಾರಾಷ್ಟ್ರ ಸರಕಾರ ಅಂಬೇಡ್ಕರ್ ಚಳವಳಿಯ ಆಕರಗಳ ಮೊದಲ ಸಂಪುಟ ಪ್ರಕಟಿಸಿದಾಗ ಅದರಲ್ಲಿ ಈ ಪೊಲೀಸ್ ವರದಿಗಳಿದ್ದವು. ನಮ್ಮ ಹೋರಾಟದ ಚರಿತ್ರೆಯನ್ನು ಅವರ ಬೇಹುಗಾರನ ಡೈರಿಯಲ್ಲಿ ನಾವು ಓದಬೇಕು. ಇದು ಎಂಥ ವ್ಯಂಗ್ಯ! 2020ರಲ್ಲಿ ದಲಿತ ಚಿಂತಕ ಆನಂದ ತೇಲ್ತುಂಬ್ಡೆ ಬಂಧನಕ್ಕೊಳಗಾದ ದಿನ ಯಾವುದು ಗೊತ್ತೇ? ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ಜಾಮೀನು ಸಿಕ್ಕಿದ್ದು 2022ರ ನವೆಂಬರಿನಲ್ಲಿ. ಇತ್ತ ಧಾರವಾಡದಲ್ಲಿ 2015ರ ಆಗಸ್ಟ್ 30ರ ಮುಂಜಾನೆ ಬೈಕಿನಲ್ಲಿ ಬಂದವರು ಕಲಬುರ್ಗಿಯವರ ಬಾಗಿಲು ಬಡಿದು ಗುಂಡು ಹಾಕಿದರು. ಸಭೆಗೆ ಬಂದವರ ತಲೆ ಎಣಿಸುವ ಕಣ್ಣು ಅವತ್ತು ಎಲ್ಲಿ ಮುಚ್ಚಿತ್ತು?

ಕನ್ನಡ ಸಿನಿಮಾ ಏನು ಮಾಡಿತು? 1968ರಲ್ಲಿ ದೊರೈ-ಭಗವಾನ್ ‘ಜೇಡರ ಬಲೆ’ ತೆಗೆದರು. ರಾಜಕುಮಾರ್ ಸಿಐಡಿ 999 ಆದರು. ಆಮೇಲೆ ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಬಾಂಡನ ಕೋಟಿಗೆ ಕನ್ನಡದ ಗುಂಡಿ ಹೊಲಿದರು. ರಾಜಕುಮಾರರ ಮೇಲಿನ ಜನರ ಪ್ರೀತಿಗೆ ನನ್ನ ತಕರಾರಿಲ್ಲ. ನನ್ನ ತಕರಾರು ಆ ಕೋಟಿನ ಮೇಲೆ. ಇಳಕಲ್ಲಿನ ಮಗ್ಗಗಳ ಸೀಮೆಯವರಿಗೆ ಜೇಡ ಅಂದರೆ ನೇಯುವವನೂ ಹೌದು. ಜೇಡರ ದಾಸಿಮಯ್ಯ ನೇಕಾರ. ಸೀರೆ ನೇಯ್ದು ಕೂಲಿ ಸಾಲದೆ ಸಾಲದ ಬಲೆಗೆ ಬಿದ್ದ ಜೇಡನ ಕತೆಯನ್ನು ಯಾವ ಸಿಐಡಿಯೂ ಪತ್ತೆ ಮಾಡಲಿಲ್ಲ. ಖೋಟಾ ನಾಣ್ಯದ ಹೆಸರಿನಲ್ಲಿ ಛಪ್ಪರಬಂದರ ಇಡೀ ಸಮುದಾಯಕ್ಕೆ ಕಳ್ಳರ ಹಣೆಪಟ್ಟಿ ಬಿದ್ದದ್ದು ಇದೇ ಬಿಜಾಪುರ ಜಿಲ್ಲೆಯಲ್ಲಿ. ಅವರ ಕಡೆಯಿಂದ ಒಂದು ಪತ್ತೇದಾರಿ ಸಿನಿಮಾ ಬಂತೇ?

ಇನ್ನು ‘ಗ್ರೇಟರ್ ಗುಡ್’. ಹೆಚ್ಚಿನ ಒಳಿತು ಅಂತ ಕನ್ನಡ ಮಾಡೋಣ. ಹೆಚ್ಚಿನವರ ಒಳಿತಿಗಾಗಿ ಕೆಲವರು ಸಾಯಬೇಕು, ಅದನ್ನು ನಿರ್ಧರಿಸುವವನ ಎದೆಯಲ್ಲಿ ನೋವಿರುತ್ತದೆ, ಆ ನೋವನ್ನು ಗೌರವಿಸಿ ಅನ್ನುತ್ತದೆ ಸಿನಿಮಾ. ಈ ಮಾತು ನಮಗೇನು ಹೊಸದೇ? ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. 519.60 ಮೀಟರಿಗೆ ನೀರು ನಿಂತಾಗ ಹಳೇ ಬಾಗಲಕೋಟೆಯ ಓಣಿಗಳೇ ಮುಳುಗಿದವು. ನೀರಾವರಿ ಬೇಡ ಅಂತ ನಾನು ಅನ್ನುವುದಿಲ್ಲ. ಬರಗಾಲದ ಸೀಮೆಯವರು ನಾವು, ನೀರಿನ ಬೆಲೆ ಬಲ್ಲೆವು. ಆದರೆ ಉತಾರದಲ್ಲಿ ಹೆಸರಿದ್ದವನಿಗೆ ಹೊಲದ ಲೆಕ್ಕದಲ್ಲಿ ಪರಿಹಾರ. ಅದೇ ಹೊಲದಲ್ಲಿ ಮೂರು ತಲೆಮಾರು ಕೂಲಿ ಮಾಡಿದವನಿಗೆ ಉತಾರವೇ ಇಲ್ಲ. ಅವನ ದುಡಿಮೆ ಯಾವ ಕಾಗದದಲ್ಲೂ ಇಲ್ಲ. ಹೆಚ್ಚಿನ ಒಳಿತಿನ ಲೆಕ್ಕ ಬರೆಯುವವನು ಯಾವಾಗಲೂ ಕಡತ ಹಿಡಿದವನು. ಕಡತದೊಳಗೆ ಸಿಕ್ಕವನನ್ನು ಯಾರೂ ಕೇಳುವುದಿಲ್ಲ. ಬಹುಜನರ ಹಿತ ಅನ್ನುವ ಬುದ್ಧನ ಮಾತಿಗೂ ಇವರ ಹೆಚ್ಚಿನ ಒಳಿತಿಗೂ ಅಜಗಜಾಂತರ. ಬುದ್ಧ ತಾನು ಬಿಟ್ಟುಕೊಟ್ಟು ಹೊರಟ. ಇವರು ಇನ್ನೊಬ್ಬರಿಂದ ಬಿಡಿಸುತ್ತಾರೆ.

‘ಹಂಗಾರ ದೇಶಕ್ಕ ಕಾವಲು ಬ್ಯಾಡೇನು?’ ಅಂತ ಕೇಳುತ್ತಾರೆ. ಬೇಕು. ಬಾಂಬು ಬಿದ್ದರೆ ಕೇರಿಯವನೂ ಸಾಯುತ್ತಾನೆ. ಆದರೆ ಕಾಯುವವನನ್ನು ಕಾಯುವವರಾರು ಅನ್ನುವ ಪ್ರಶ್ನೆಗೆ ಹ್ಯಾರಿ ಪಿಯರ್ಸನ ಒಳ್ಳೆಯತನ ಉತ್ತರವಾಗದು. ಒಳ್ಳೆಯ ಗೌಡ ಬಂದರೆ ಜೀತ ಹೋಗುತ್ತದೆ ಅಂತ ನಂಬಿ ಕೂತವರ ಗತಿ ಏನಾಯಿತು, ನಮಗೆ ಗೊತ್ತಿದೆ.

ಬೇರೆ ಕತೆ ಸಾಧ್ಯವಿಲ್ಲ ಅನ್ನುವವರಿಗೆ ಒಂದು ಮಾತು. ಅಮೆರಿಕದ ಕರಿಯ ಲೇಖಕ ಸ್ಯಾಮ್ ಗ್ರೀನ್‌ಲೀ 1969ರಲ್ಲಿ ‘ದಿ ಸ್ಪೂಕ್ ಹೂ ಸ್ಯಾಟ್ ಬೈ ದಿ ಡೋರ್’ ಕಾದಂಬರಿ ಬರೆದ. ಬೈಗುಳವನ್ನೇ ಎತ್ತಿ ಹೆಸರಾಗಿ ಇಟ್ಟ. ತೋರಿಕೆಗೆಂದು ಸಿಐಎ ಸೇರಿಸಿಕೊಂಡ ಒಬ್ಬ ಕರಿಯ, ಅಲ್ಲಿ ಕಲಿತ ವಿದ್ಯೆಯನ್ನು ತನ್ನ ಓಣಿಯ ಹುಡುಗರಿಗೆ ಕಲಿಸಿ ಬಂಡಾಯ ಕಟ್ಟುತ್ತಾನೆ. ಅದು 1973ರಲ್ಲಿ ಸಿನಿಮಾ ಆಯಿತು, ಬಂದಷ್ಟೇ ಬೇಗ ಟಾಕೀಸುಗಳಿಂದ ಮಾಯವಾಯಿತು. ಬಂದೂಕಿನ ದಾರಿ ನಮ್ಮದಲ್ಲ, ನಮ್ಮ ಕೈಯಲ್ಲಿ ಸಂವಿಧಾನವಿದೆ. ನಾನು ಹೇಳುವುದು ಕಣ್ಣಿನ ಬಗ್ಗೆ. ಆ ಕತೆಯಲ್ಲಿ ಕ್ಯಾಮೆರಾ ಬಾಗಿಲ ಬಳಿ ಕೂರಿಸಿದವನ ಹೆಗಲ ಮೇಲಿದೆ.

ಗೆಳೆಯರೇ, 1952ಕ್ಕೆ ಮುಂಚೆ ಸೆಟ್ಲಮೆಂಟಿನಲ್ಲಿ ಹುಟ್ಟಿದವರು ಇವತ್ತು ಎಪ್ಪತ್ತು ದಾಟಿದ್ದಾರೆ. ಹಾಜರಿಗೆ ನಿಂತದ್ದನ್ನು ಬಲ್ಲವರು ಎಂಬತ್ತು ದಾಟಿದ್ದಾರೆ. ಗದುಗಿನಲ್ಲಿ, ಹುಬ್ಬಳ್ಳಿಯಲ್ಲಿ, ಬಿಜಾಪುರದಲ್ಲಿ ಇನ್ನೂ ಕೆಲವರು ಉಳಿದಿದ್ದಾರೆ. ಅವರ ಬಾಯಿಂದ ಬರಬೇಕಾದದ್ದು ಬರದಿದ್ದರೆ ಉಳಿಯುವುದು ಪೊಲೀಸಿನವನ ಬರಹ ಒಂದೇ. ಆ ಮೊಬೈಲನ್ನೇ ತಗೊಂಡು ಹೋಗ್ರಿ. ಅಜ್ಜಿಯ ಮುಂದೆ ಕೂಡ್ರಿ. ರಾತ್ರಿ ಯಾರು ಬಾಗಿಲು ಬಡಿಯುತ್ತಿದ್ದರು, ಪಾಸು ಯಾರು ಕೊಡುತ್ತಿದ್ದರು, ಬೇಲಿಯಾಚೆ ಯಾವ ಊರಿತ್ತು ಕೇಳ್ರಿ. ಹೇಳಿದ್ದನ್ನು ಹೇಳಿದ ಹಾಗೆಯೇ ಬರಕೊಳ್ರಿ. ಅದು ಸಿನಿಮಾ ಆಗಲಿ, ನಾಟಕ ಆಗಲಿ, ಬರೀ ನಾಲ್ಕು ಹಾಳೆ ಆಗಲಿ, ಅವತ್ತು ಸೀಟಿ ಹೊಡೆಯೋಣ.