ಸಂಚಾರಿ ಪ್ರದರ್ಶನವೂ ಊರಿನ ಮಣ್ಣೂ

ಮಣ್ಣು ಮತ್ತು ನೀರಿನ ಸಂರಕ್ಷಣೆಯನ್ನು ಜನರಿಗೆ ತಿಳಿಸಲು ಚಿತ್ರಫಲಕಗಳನ್ನೂ ಮಾದರಿಗಳನ್ನೂ ಹೊತ್ತ ವಾಹನಗಳನ್ನು ಹಳ್ಳಿಗಳಿಗೆ ಕಳುಹಿಸುವ ಕ್ರಮ ಸ್ತುತ್ಯವಾದುದು. ಕೇಂದ್ರ ಸರ್ಕಾರವು 2025ರ ಫೆಬ್ರವರಿ 5ರಂದು ಆರಂಭಿಸಿದ ಜಲಾನಯನ ಯಾತ್ರೆಯೂ ಇದೇ ಬಗೆಯದು. ಆದರೆ ವಾಹನವು ಊರ ವೃತ್ತದಲ್ಲಿ ನಿಂತು, ಧ್ವನಿವರ್ಧಕದಲ್ಲಿ ಹಾಡು ಮೊಳಗಿಸಿ, ಗಣ್ಯರು ಬಾವುಟ ಬೀಸಿದೊಡನೆ ಮುಂದಿನ ಊರಿಗೆ ಹೊರಟುಬಿಟ್ಟರೆ ಅದು ಉತ್ಸವವಾದೀತೇ ಹೊರತು ಶಿಕ್ಷಣವಾಗಲಾರದು.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾದರೂ ಅವುಗಳ ನೆಲದ ಗುಣ ಒಂದೇ ಅಲ್ಲ. ಯಳಂದೂರಿನಲ್ಲಿ ಸುವರ್ಣಾವತಿಯ ನೀರನ್ನು ನಂಬಿದ ಗದ್ದೆಯವನಿಗೆ ಕೆರೆಕಾಲುವೆಗಳ ಹೂಳಿನ ಚಿಂತೆ. ಹನೂರಿನ ಇಳಿಜಾರಿನ ಕೆಮ್ಮಣ್ಣಿನಲ್ಲಿ ರಾಗಿ ಬಿತ್ತುವವನಿಗೆ ಮೇ ತಿಂಗಳ ಗುಡುಗುಮಳೆಯಲ್ಲಿ ಕೊಚ್ಚಿಹೋಗುವ ಮೇಲ್ಮಣ್ಣಿನ ಚಿಂತೆ. ಕೊಳ್ಳೇಗಾಲದ ಹಿಪ್ಪುನೇರಳೆ ಬೆಳೆಗಾರನ ಪ್ರಶ್ನೆಯೇ ಬೇರೆ. ಎಲ್ಲಿಯೋ ಮುದ್ರಿಸಿದ ಒಂದೇ ಭಿತ್ತಿಪತ್ರವನ್ನು ಮೂವರಿಗೂ ತೋರಿಸುವುದು ಸಕಲ ರೋಗಕ್ಕೂ ಒಂದೇ ಕಷಾಯ ಕುಡಿಸಿದಂತೆ.

ವಾಹನದಲ್ಲಿ ಇರಬೇಕಾದುದು ಬಹಳವೇನೂ ಅಲ್ಲ. ಅದೇ ಊರಿನ ಮಣ್ಣನ್ನು ತುಂಬಿ ಓರೆಯಾಗಿ ಇರಿಸಿದ ಎರಡು ತಟ್ಟೆಗಳು ಸಾಕು. ಒಂದು ಬರಿಯ ಮಣ್ಣಿನದು; ಇನ್ನೊಂದರಲ್ಲಿ ಅಡ್ಡಲಾಗಿ ಬದು, ಬದುವಿನ ಮೇಲೆ ಹುಲ್ಲು. ಎರಡಕ್ಕೂ ಒಂದೊಂದು ತಂಬಿಗೆ ನೀರನ್ನು ಸುರಿದರೆ ಒಂದರಿಂದ ಕೆಂಪು ರಾಡಿ ಇಳಿಯುತ್ತದೆ, ಮತ್ತೊಂದರಿಂದ ಬಹುಮಟ್ಟಿಗೆ ತಿಳಿನೀರು ಜಿನುಗುತ್ತದೆ. ಅಕ್ಷರ ಬಾರದ ಅಜ್ಜಿಗೂ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಲೆಕ್ಕವನ್ನು ಆಮೇಲೆ ಹೇಳಬಹುದು: ಒಂದು ಎಕರೆಯ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ ಸುಮಾರು 40,000 ಲೀಟರು ನೀರು! ನಿದರ್ಶನಕ್ಕೂ ದೂರ ಹೋಗಬೇಕಾಗಿಲ್ಲ. ಇದೇ ಜಿಲ್ಲೆಯ ಗುಂಡ್ಲುಪೇಟೆಯ ರೈತರು ಹೊಲದ ಅಂಚಿನಲ್ಲಿ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಲಾವಂಚದ ಸಾಲನ್ನು ವಿಶ್ವಬ್ಯಾಂಕಿನ ಕೈಪಿಡಿಯೂ ಉಲ್ಲೇಖಿಸಿದೆ. ಪರದೇಶದ ತಜ್ಞರು ಬಂದು ನೋಡಿಹೋದುದನ್ನು ನೆರೆಯ ತಾಲ್ಲೂಕಿನವರು ಕಾಣದಿರುವುದು ವಿಷಾದಕರ.

ಪ್ರದರ್ಶನಗಳು ಸಾಮಾನ್ಯವಾಗಿ ಮುಟ್ಟದ ವಿಷಯ ಇನ್ನೊಂದಿದೆ. ಬದು ಹಾಕಲು ಬೆವರು ಸುರಿಸುವವನು ಮೇಲಿನ ಹೊಲದವನು. ಹೂಳು ತಪ್ಪಿ ಲಾಭ ಪಡೆಯುವುದು ಕೆಳಗಿನ ಕೆರೆ. ಅವನ ಹೊಲದ ಒಂದು ಪಟ್ಟಿ ನೆಲವೂ ಬದುವಿಗೆ ಸಲ್ಲುತ್ತದೆ. ನೆರೆಯವನು ಒಪ್ಪದಿದ್ದರೆ ಒಬ್ಬನ ಬದು ಮೊದಲ ಮಳೆಗೇ ಒಡೆಯುತ್ತದೆ. ಈ ಕಷ್ಟವನ್ನು ಮರೆಮಾಚಿ ರೈತನ ಅಜ್ಞಾನವನ್ನಷ್ಟೇ ದೂರುವುದು ನ್ಯಾಯವಲ್ಲ. ಕೆರೆಯ ಕೆಳಗಿನವರೂ ಗುಡ್ಡದ ಮೇಲಿನವರೂ ಒಟ್ಟಿಗೆ ಸೇರುವ ಸ್ಥಳ ಸಂತೆ. ಆದುದರಿಂದ ವಾಹನವು ಕಚೇರಿಯ ಆವರಣವನ್ನು ಬಿಟ್ಟು ಸಂತೆಯ ದಿನ ಸಂತೆಮಾಳದಲ್ಲಿ, ಅದೂ ಮೇ ಮಳೆಗೆ ಮುನ್ನ, ನಿಲ್ಲುವುದು ಯುಕ್ತ.

ವಾಹನ ಹೋದ ಮೇಲೂ ಆ ಎರಡು ತಟ್ಟೆಗಳು ಊರಿನ ಶಾಲೆಯಲ್ಲಿ ಉಳಿಯಲಿ. ಅದಕ್ಕೆ ತಗಲುವ ವೆಚ್ಚ ದಾನಿಗಳಿಗೆ ಭಾರವಲ್ಲ, ಉಪಾಧ್ಯಾಯರಿಗೂ ಹೊಸ ವಿದ್ಯೆ ಬೇಕಿಲ್ಲ. ಹಿಂಗಾರು ಮುಗಿದ ಬಳಿಕ ಅದೇ ವಾಹನ ಮತ್ತೊಮ್ಮೆ ಬಂದು, ಯಾರ ಬದು ಎಲ್ಲಿ ಒಡೆಯಿತು, ಏಕೆ ಒಡೆಯಿತು ಎಂಬುದನ್ನು ರೈತರಿಂದಲೇ ಕೇಳಿ ಬರೆದುಕೊಳ್ಳಬೇಕು.